ಪಂಪಿನ ಸದ್ದು

ಬಾಡಿಗೆ ಲೈಟುಗಳನ್ನು ವಾಪಸು ಕೊಡಲು ಹೋದವನು ವಾಪಸು ಬರಲಿಲ್ಲ. ಲೈಟುಗಳೇನೋ ಅಂಗಡಿ ಸೇರಿದ್ದವು. ಒಂದೂ ಒಡೆದಿಲ್ಲ ಎಂದು ಅಂಗಡಿಯವನು ಬರೆದುಕೊಟ್ಟ ಚೀಟಿ ಅವನ ಜೇಬಿನಲ್ಲೇ ಇತ್ತು. ಸೇತುವೆಯ ಇಳಿಜಾರಿನಲ್ಲಿ ಲಾರಿಯೊಂದು ಅವನ ಸ್ಕೂಟರನ್ನು ಎಳೆದುಕೊಂಡು ಹೋದಾಗ ಅವನು ತೆಗೆಯುತ್ತಿದ್ದ ಸಿನಿಮಾದ ಚಿತ್ರೀಕರಣ ಆಗಷ್ಟೇ ಮುಗಿದಿತ್ತು.

ಮನೆಯಲ್ಲಿ ಉಳಿದದ್ದು ನಾಲ್ಕು ಜನ, ಒಂದು ಸಿನಿಮಾ. ಮಾವ ನಿವೃತ್ತ ಬಸ್ ಡ್ರೈವರ್. ಮೈದುನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು. ಅತ್ತೆಗೆ ಅಡುಗೆಮನೆಯೇ ಲೋಕ. ಸೊಸೆ ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು ಟೋಕನ್ ನಂಬರು ಕೂಗುತ್ತಿದ್ದಳು. ಗಂಡ ಸತ್ತ ಮೇಲೂ ಅವಳು ಅದೇ ಧ್ವನಿಯಲ್ಲಿ ಕೂಗಿದಳು, ಮನೆಗೆ ಬಂದು ಅದೇ ಧ್ವನಿಯಲ್ಲಿ ಮಾತಾಡಿದಳು. ಅಳಲಿಲ್ಲ. ‘ಹುಡುಗಿ ಕಲ್ಲಾಗಿದ್ದಾಳೆ’ ಎಂದು ಕೆಳಮನೆಯಾಕೆ ಅತ್ತೆಯ ಹತ್ತಿರ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಇರಬಹುದು ಅಂದುಕೊಂಡಳು.

ಸಿನಿಮಾ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಮಾವನ ನಿವೃತ್ತಿಯ ಹಣವೆಲ್ಲ ಅದರೊಳಗೇ ಇತ್ತು ಎನ್ನಬೇಕು. ಅಷ್ಟು ಸುರಿದರೂ ಸಾಲದೆ ನಟರನ್ನು ಬಿಟ್ಟು ಮನೆಯವರನ್ನೇ ಹಾಕಿಕೊಂಡು ತೆಗೆದ ಸಿನಿಮಾ ಅದು. ಅಪ್ಪನ ಪಾತ್ರಕ್ಕೆ ಅಪ್ಪ, ಮಗನ ಪಾತ್ರಕ್ಕೆ ಅವನೇ. ಜಾಗ ಇದೇ ಮನೆ. ಕಥೆ ದೊಡ್ಡದೇನಲ್ಲ. ಹೇಳದೆ ಕೆಲಸ ಬಿಟ್ಟು ಬಂದ ಮಗ, ಅದು ತಿಳಿದ ಅಪ್ಪ. ಮಾತಿಗೆ ಮಾತು ಬೆಳೆದು ಕೊನೆಗೆ ಮಗ ಚೀಲ ಹೆಗಲಿಗೇರಿಸಿಕೊಂಡು ಹೋಗುತ್ತಾನೆ. ‘ಪೂರ್ತಿ ಮುಗಿಸಿ ಮಳೆಗಾಲಕ್ಕೆ ಮೊದಲು ತಂದುಕೊಡಿ, ತಗೊಳ್ಳೋಣ’ ಎಂದು ಚಾನೆಲ್ಲಿನವರೊಬ್ಬರು ಮಾತು ಕೊಟ್ಟಿದ್ದರು. ಮುಗಿಸುವುದೆಂದರೆ ಧ್ವನಿ ಸೇರಿಸುವುದು. ಸ್ಟುಡಿಯೋದವರು ಅರ್ಧದಷ್ಟಾದರೂ ಮುಂಗಡ ಕಟ್ಟದೆ ಬಾಗಿಲು ತೆಗೆಯುವವರಲ್ಲ. ಮುಗಿಯದಿದ್ದರೆ ಮಗನೂ ಇಲ್ಲ, ಮಗ ಖರ್ಚು ಮಾಡಿದ್ದೂ ಇಲ್ಲ.

ಶೂಟಿಂಗಿನಲ್ಲಿ ಧ್ವನಿಯನ್ನು ತೆಗೆದುಕೊಂಡೇ ಇಲ್ಲ ಎಂದು ಮನೆಯವರೆಲ್ಲ ತಿಳಿದಿದ್ದರು. ಹಾಗಲ್ಲ ಎನ್ನುವುದು ಸೊಸೆಗೆ ಮಾತ್ರ ಗೊತ್ತಿತ್ತು.

ಅಡುಗೆಮನೆಯ ಹಿಂದಿನ ಗೋಡೆಗೆ ಅಂಟಿಕೊಂಡು ನೀರಿನ ಪಂಪು. ಶೂಟಿಂಗಿನ ದಿನಗಳಲ್ಲಿ ಅಷ್ಟೂ ಜನಕ್ಕೆ ಅತ್ತೆಯದೇ ಅಡುಗೆ. ರಾಶಿ ಪಾತ್ರೆ, ಖಾಲಿ ಟ್ಯಾಂಕು. ಅತ್ತೆ ಬಾಗಿಲಲ್ಲಿ ಇಣುಕಿ ‘ಪಂಪು ಹಾಕ್ಲೇನೋ?’ ಎಂದು ಕೇಳಿದರೆ, ಮಗ ಒಂದು ಕ್ಷಣ ಯೋಚಿಸಿ ‘ಹಾಕಮ್ಮ. ನಾವು ಹೇಗಿದ್ರೂ ಧ್ವನಿ ತಗೋತಿಲ್ಲ’ ಎನ್ನುತ್ತಿದ್ದ. ಮೈಕು ಓಡುತ್ತಲೇ ಇರುತ್ತಿತ್ತು. ಪಂಪಿನ ಸದ್ದನ್ನು ಆಮೇಲೆ ಅಳಿಸಬಹುದು ಎಂದುಕೊಂಡಿದ್ದ. ಆಗಲಿಲ್ಲ. ಕೊನೆಯ ದಿನ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತು ಎಲ್ಲ ಕೇಳಿದ ಮೇಲೆ ಹೆಂಡತಿಗೆ ಹೇಳಿದ್ದ: “ಶುರುವಿಂದ ಕೊನೆವರೆಗೂ ಪಂಪೇ. ಅಮ್ಮಂಗೆ ಹೇಳ್ಬೇಡ ಕಣೆ. ಬೆನ್ನು ಮುರ್ಕೊಂಡು ಅನ್ನ ಹಾಕಿದಾಳೆ, ಸಿನಿಮಾ ಹಾಳು ಮಾಡಿದ್ದೂ ನಾನೇ ಅಂತ ಕೊರಗ್ತಾಳೆ.”

ಅವಳು ಹೇಳಲಿಲ್ಲ. ಆ ಧ್ವನಿಯನ್ನು ತಾನೂ ಕೇಳಲಿಲ್ಲ. ಲ್ಯಾಪ್‌ಟಾಪಿನ ಸ್ಪೀಕರು ಕೆಟ್ಟು ಎಷ್ಟೋ ಕಾಲವಾಗಿದ್ದರಿಂದ, ವೈರು ಚುಚ್ಚದಿದ್ದರೆ ಸಿನಿಮಾ ಮೂಕವಾಗಿಯೇ ಓಡುತ್ತಿತ್ತು.

*

“ದುಡ್ಡು ಕೇಳ್ಕೊಂಡು ಮನೆ ಮನೆಗೆ ಹೋಗೋಕೆ ನನ್ನ ಕೈಲಾಗಲ್ಲ,” ಎಂದರು ಮಾವ, ಊಟದ ತಟ್ಟೆಯಲ್ಲಿ ಬೆಂದ ಆಲೂಗಡ್ಡೆಯನ್ನು ಚೂರು ಮಾಡುತ್ತ. “ಸ್ಟೇರಿಂಗ್ ಹಿಡಿದ ಕೈ ಇದು. ಚಾಚೋ ಕೈ ಅಲ್ಲ.”

“ಚಾಚ್ಬೇಡಪ್ಪ. ಸಿನಿಮಾನೇ ತೋರ್ಸೋಣ,” ಎಂದ ಮೈದುನ. “ಕಾಲೊನಿ ಹಾಲ್ ಇದೆ. ಟಿಕೆಟ್ ಇಡೋಣ. ಅಮ್ಮ ತಿನ್ನೋಕೆ ಏನಾದ್ರೂ ಮಾಡ್ಲಿ.”

“ಮೂಕ ಸಿನಿಮಾನ ಯಾರೋ ದುಡ್ಡು ಕೊಟ್ಟು ನೋಡ್ತಾರೆ?”

“ಮೂಕ ಯಾಕೆ? ನಮಗೆ ಬಾಯಿಲ್ವಾ? ಪರದೆ ಪಕ್ಕ ನಿಂತ್ಕೊಂಡು ನಾವೇ ಮಾತಾಡೋದು. ನಿನ್ನ ಮಾತು ನೀನಾಡು. ಅಣ್ಣಂದು ನಾನಾಡ್ತೀನಿ. ಮಿಕ್ಕಿದ್ದೆಲ್ಲ ಅತ್ತಿಗೆ.”

ಅತ್ತೆ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. “ಪರದೆ ಮೇಲೆ ಅವನ ಬಾಯಿ ಆಡುತ್ತಾ?”

“ಆಡುತ್ತಮ್ಮ.”

“ಹಾಗಾದ್ರೆ ಮಾಡ್ರೋ. ಎಷ್ಟು ಜನಕ್ಕೆ ಮಾಡ್ಲಿ, ಹೇಳು.”

ಎಲ್ಲರೂ ಸೊಸೆಯ ಮುಖ ನೋಡಿದರು. ಈಗಲೇ ಹೇಳಿಬಿಡಬಹುದಿತ್ತು. ಅವಳು “ಟಾರ್ಚ್ ಬೇಕಾಗುತ್ತೆ, ಸ್ಕ್ರಿಪ್ಟ್ ಓದೋಕೆ,” ಎಂದಳು.

*

ಹಾಲಿನ ಬೀಗ ಕೈಯಲ್ಲಿಟ್ಟುಕೊಂಡು ತಿರುಗುತ್ತಿದ್ದ ಕಾವಲುಗಾರನನ್ನು ಇಡೀ ಕಾಲೊನಿ ಬೀಗದಣ್ಣ ಎನ್ನುತ್ತಿತ್ತು. ಬಾಡಿಗೆಯಲ್ಲಿ ಬಿಡಿಕಾಸೂ ಬಿಡಲಿಲ್ಲ, ಆದರೆ ಬೆಂಚುಗಳನ್ನು ತಾನೇ ಒರೆಸಿ ಜೋಡಿಸಿದ. ಪ್ರೊಜೆಕ್ಟರಿನ ಎದುರು ಬಿಳಿ ಬೆಡ್‌ಶೀಟು ಪರದೆಯಾಯಿತು. ಹಿಂದುಗಡೆಯ ಮೇಜಿನ ಮೇಲೆ ಅತ್ತೆಯ ಚಹಾದ ಕೆಟಲು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ ತುಂಬಿದ ಬನ್ನು.

ಮೊದಲ ಶನಿವಾರ ಜನ ಬಂದದ್ದು ಸಿನಿಮಾಕ್ಕಲ್ಲ, ಸಾವಿನ ಮನೆಯವರ ಮುಖ ನೋಡಿ ಬರೋಣ ಎಂದು. ಬಂದವರು ನಿಬ್ಬೆರಗಾದರು. ಪರದೆಯ ಮೇಲೆ ಮನುಷ್ಯರು ಬಾಯಿ ಆಡಿಸುತ್ತಾರೆ, ಪಕ್ಕದ ಕತ್ತಲೆಯಿಂದ ಮಾತು ಬರುತ್ತದೆ. ಮೈದುನ ಒಮ್ಮೆ ಮುಂದೆ ಹೋಗಿ ಒಮ್ಮೆ ಹಿಂದೆ ಬಿದ್ದ. ಮಾವ ಬಸ್ಸಿನ ಹಿಂದಿನ ಸೀಟಿಗೂ ಕೇಳಲಿ ಎನ್ನುವ ಹಾಗೆ ಗಟ್ಟಿಯಾಗಿ ಮಾತಾಡಿದರು. ನೆರೆಮನೆಯವಳ, ಅಂಗಡಿಯವನ, ಪೋಸ್ಟ್‌ಮನ್ನನ ಮಾತುಗಳನ್ನೆಲ್ಲ ಸೊಸೆ ಒಂದೇ ಧ್ವನಿಯಲ್ಲಿ ಓದಿದಳು. ಜನ ನಕ್ಕರು, ಅವಳು ಪುಟ ತಿರುಗಿಸಿದಳು.

ಲೆಕ್ಕ ನೋಡಿದರೆ ಬನ್ನು ಖಾಲಿ, ಟಿಕೆಟ್ ದುಡ್ಡಿನ ಡಬ್ಬಿ ಹಗುರ.

“ಅಮ್ಮ, ಒಂದು ಟಿಕೆಟ್‌ಗೆ ಒಂದು ಬನ್ನು ಅಂತ ಬಾಯಿ ಬಡ್ಕೊಂಡೆ,” ಎಂದ ಮೈದುನ.

“ಆ ದರ್ಜಿ ಮನೆ ಮಗು ಖಾಲಿ ತಟ್ಟೆ ಹಿಡ್ಕೊಂಡು ನಿಂತಿತ್ತು. ಟಿಕೆಟ್ ತೋರ್ಸು ಅನ್ಲಾ?”

“ಅದರಪ್ಪ ಮೂರು ತಿಂದ. ಅವನೂ ಮಗುನಾ?”

“ತಿಂದೋರು ಮುಂದಿನ ವಾರ ಬರ್ತಾರೆ ಬಿಡೋ.”

ಬಂದರು. ಮೂರನೆಯ ಶನಿವಾರ ಬೆಂಚು ಸಾಲದೆ ಗೋಡೆಗೆ ಒರಗಿ ನಿಂತರು. ಅವತ್ತೇ ಮಾವ ಮಾತು ಬದಲಿಸಿದ್ದು.

ಅದು ಬಾಗಿಲ ಬಳಿಯ ದೃಶ್ಯ. ಮಗ ಚೀಲ ಎತ್ತಿಕೊಂಡು ನಿಂತಿರುತ್ತಾನೆ. ಅಪ್ಪ ಹೇಳಬೇಕು: ‘ಹೋಗು. ಈ ಹೊಸಿಲು ದಾಟಿದ ಮೇಲೆ ತಿರುಗಿ ನೋಡಬೇಡ.’ ಮಗ ‘ನೋಡಲ್ಲ’ ಎಂದು ಹೊರಡಬೇಕು. ಪರದೆಯ ಮೇಲೆ ಮಾವನ ತುಟಿ ಅಲುಗಿತು. ಕತ್ತಲೆಯಲ್ಲಿ ನಿಂತ ಮಾವನಿಂದ ಮಾತು ಬರಲಿಲ್ಲ. ಸೊಸೆ ಟಾರ್ಚಿನ ಬೆಳಕನ್ನು ಆ ಸಾಲಿನ ಮೇಲೆ ಹಿಡಿದು “ಹೋಗು,” ಎಂದು ಪಿಸುಗುಟ್ಟಿದಳು.

“ಊಟ ಮಾಡ್ಕೊಂಡು ಹೋಗೋ,” ಎಂದರು ಮಾವ.

ಪರದೆಯ ತುಟಿ ಇನ್ನೂ ಆಡುತ್ತಿತ್ತು. ಅದಕ್ಕೆ ಮಾತು ಬೇಕಿತ್ತು.

“ಸ್ಕೂಟರ್ ಬೇಡ. ಬಸ್ಸಲ್ಲಿ ಹೋಗು.”

ಮೈದುನ ದಿಕ್ಕು ತಪ್ಪಿದವನಂತೆ ಅತ್ತಿಗೆಯ ಕಡೆ ತಿರುಗಿದ. ಬೇರೇನೂ ತೋಚದೆ ಬರೆದಿದ್ದನ್ನೇ ಹೇಳಿದ: “ನೋಡಲ್ಲ.” ಮಗ ಹೋದ. ಹಿಂದೆ ಯಾರೋ ಹೆಂಗಸು ಬಿಕ್ಕಿದಳು, ಆಮೇಲೆ ಸಾಲು ಸಾಲೇ ಮೂಗೊರೆಸಿತು. ಅವತ್ತು ಡಬ್ಬಿಯ ಮುಚ್ಚಳ ಕೂರಲಿಲ್ಲ.

ಮನೆಗೆ ನಡೆಯುವಾಗ ಸೊಸೆ ಹೇಳಿದಳು: “ಮಾವ, ಸ್ಕ್ರಿಪ್ಟಲ್ಲಿ ಹಾಗಿಲ್ಲ.”

“ಗೊತ್ತಮ್ಮ.”

“ತುಟಿಗೆ ಕೂರಲ್ಲ.”

“ಕೂರದಿದ್ರೆ ಬೇಡ. ವಾರ ವಾರ ಅವನನ್ನ ಮನೆಯಿಂದ ಆಚೆ ಹಾಕು ಅಂದ್ರೆ ಹೇಗಮ್ಮ? ನಾನೂ ಮನುಷ್ಯ.”

*

ಆಮೇಲಿನ ವಾರಗಳಲ್ಲಿ ಮಾವ ಪ್ರತಿ ಸಲವೂ ಹೊಸದಾಗಿ ತಡೆದರು. ಒಮ್ಮೆ ಬೈದು, ಒಮ್ಮೆ ಅಂಗಲಾಚಿ, ಒಮ್ಮೆ ‘ನನ್ನ ಕನ್ನಡಕ ಎಲ್ಲಿಟ್ಟೆ, ಹುಡುಕಿಕೊಟ್ಟು ಹೋಗು’ ಎಂದು ನೆಪ ಹೂಡಿ. ಜನ ಅದನ್ನು ಕೇಳಲೆಂದೇ ಬಂದರು. ಈ ವಾರ ಮುದುಕ ಏನಂತಾನೋ ಎಂದು ದಿನಸಿ ಅಂಗಡಿಯ ಮುಂದೆ ಮಾತಾಡಿಕೊಂಡರು. ಪರದೆಯ ಮೇಲಿನ ಮಗ ಮಾತ್ರ ಪ್ರತಿ ಶನಿವಾರ ಚೀಲ ಎತ್ತಿಕೊಂಡು ಹೋದ.

ಮನೆಯಲ್ಲಿ ಊಟ ತೆಳ್ಳಗಾಯಿತು. ಮೊಟ್ಟೆಗಳೆಲ್ಲ ಶನಿವಾರಕ್ಕೆ ಮೀಸಲು. ಸಿನಿಮಾ ಡಬ್ಬಿಗೆ ಕೈ ಹಾಕಬಾರದೆಂದು ಮಾವನ ಕಟ್ಟಪ್ಪಣೆ. ಅನ್ನದ ಜೊತೆ ಬರೀ ಬೇಳೆಯ ನೀರು ಬಂದ ಒಂದು ಮಧ್ಯಾಹ್ನ ಮೈದುನ ತಟ್ಟೆ ದೂಡಿದ.

“ಶನಿವಾರ ಶನಿವಾರ ರಜ ಹಾಕಿದ್ದಕ್ಕೆ ಯಜಮಾನ ಸಂಬಳ ಮುರಿದ. ಇನ್ನೆರಡು ವಾರ ಹೀಗೆ ಮಾಡಿದ್ರೆ ಬರಲೇಬೇಡ ಅಂದ.”

“ಇನ್ನು ಸ್ವಲ್ಪ ದಿನ ಕಣೋ,” ಎಂದರು ಅತ್ತೆ.

“ಏನು ಸ್ವಲ್ಪ ದಿನ? ಅವನು ಇದ್ದಾಗ್ಲೂ ‘ಅಣ್ಣಂಗೆ ಬಿಡು, ಅಣ್ಣಂಗೆ ಕೊಡು’. ಈಗ ನನ್ನ ಗಂಟ್ಲೂ ಅವನಿಗೇ. ಮೊನ್ನೆ ನಾನು ಮಾತಾಡ್ತಿದ್ರೆ ನೀನು ಕಣ್ಣು ಮುಚ್ಕೊಂಡು ಕೂತಿದ್ದೆ, ನಾನು ನೋಡ್ಲಿಲ್ವಾ?”

“ನಿನ್ನ ಧ್ವನಿ ಅವನ ಹಾಗೇ ಇದೆ ಅಂತ…”

“ನನ್ನ ಧ್ವನಿ ನನ್ನ ಹಾಗೆ ಇದೆ ಅಮ್ಮ!”

ಮಾವ ಅನ್ನ ಕಲೆಸುತ್ತ ಹೇಳಿದರು: “ಕೂಗ್ಬೇಡ. ಗಂಟ್ಲು ಕಟ್ಟಿದ್ರೆ ಶನಿವಾರ ಕಷ್ಟ.”

ಮೈದುನ ಅಪ್ಪನನ್ನೇ ದಿಟ್ಟಿಸಿದ. ಆಮೇಲೆ ಅವನಿಗೇ ನಗು ಬಂತು, ಕೆಟ್ಟ ನಗು. ದೂಡಿದ ತಟ್ಟೆಯನ್ನು ಎಳೆದುಕೊಂಡು ಉಣ್ಣತೊಡಗಿದ.

ಸೊಸೆ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮುಂಗಡಕ್ಕೆ ಇನ್ನೊಂದೇ ಪ್ರದರ್ಶನದಷ್ಟು ಬಾಕಿಯಿತ್ತು. ಅದೊಂದು ಮುಗಿದರೆ ಸ್ಟುಡಿಯೋ, ಅಲ್ಲಿಗೆ ಪಂಪಿನ ಕಥೆ ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದೆ. ಅವನು ಕೇಳಿಕೊಂಡದ್ದು ಅದೊಂದೇ.

*

ಆ ಕೊನೆಯ ಶನಿವಾರ ಹಾಲಿನ ಕಿಟಕಿಗಳಲ್ಲೂ ಜನ. ಬೀಗದಣ್ಣ ಊರಿನ ಹಬ್ಬವನ್ನೇ ತಾನು ನಡೆಸುತ್ತಿರುವವನಂತೆ ಓಡಾಡುತ್ತಿದ್ದ. ಸಾಲುಗಳ ನಡುವೆ ಬಂದವನ ಕಣ್ಣಿಗೆ ಲ್ಯಾಪ್‌ಟಾಪಿನ ಮೇಜಿನ ಮೇಲೆ ಹಾಲಿನ ಸ್ಪೀಕರಿನ ವೈರು ಅನಾಥವಾಗಿ ಬಿದ್ದಿರುವುದು ಕಂಡಿತು. ಪಾಪ, ಇಷ್ಟು ದಿನ ಈ ಜನ ಗಂಟಲು ಹರಿದುಕೊಂಡದ್ದು ವೈರು ಚುಚ್ಚಲು ಬಾರದೆಯೇ ಎಂದುಕೊಂಡ. ಬಾಗಿಲ ಬಳಿಯ ದೃಶ್ಯ ಬಂದಿತ್ತು. ಸೊಸೆ ಪರದೆಯ ಪಕ್ಕ ಟಾರ್ಚು ಹಿಡಿದು ನಿಂತಿದ್ದಳು. ಮಾವ ಇವತ್ತಿನ ಮಾತಿಗೆ ಉಸಿರೆಳೆದುಕೊಂಡರು. ಬೀಗದಣ್ಣ ವೈರು ಚುಚ್ಚಿದ.

ಗುಡುಗಿನಂಥ ಸದ್ದು ಹಾಲನ್ನು ತುಂಬಿತು. ಗರಗರ ಗರಗರ ಎನ್ನುತ್ತ ನಡುನಡುವೆ ಕೆಮ್ಮುವ ಸದ್ದು. ಮಕ್ಕಳು ಕಿವಿ ಮುಚ್ಚಿಕೊಂಡವು. ಆ ಸದ್ದಿನ ತಳದಿಂದ, ನೀರಿನಡಿಯಿಂದ ಬಂದಂತೆ, ಮಾವನದೇ ಧ್ವನಿ ಕೇಳಿತು.

“ಹೋಗು. ಈ ಹೊಸಿಲು ದಾಟಿದ ಮೇಲೆ ತಿರುಗಿ ನೋಡಬೇಡ.”

ಮತ್ತೆ, ಬೇರೆ ಯಾರದೂ ಅಲ್ಲದ, ಅವನದೇ ಧ್ವನಿ.

“ನೋಡಲ್ಲ.”

ಮೈದುನ ಬಾಯಿ ತೆರೆದವನು ಹಾಗೇ ನಿಂತ. ಸೊಸೆಯ ಕೈಯ ಟಾರ್ಚು ನೆಲಕ್ಕೆ ಬಿದ್ದು ಉರುಳಿತು. ಅವಳು ಬೆಂಚುಗಳ ನಡುವೆ ಜನರ ಕಾಲು ತುಳಿದುಕೊಂಡು ಓಡಿ ವೈರು ಕಿತ್ತಳು. ಕಿತ್ತ ಮೇಲೆ ಉಳಿದ ನಿಶ್ಶಬ್ದದಲ್ಲಿ ಹಿಂದುಗಡೆಯಿಂದ ಅತ್ತೆಯ ಮಾತು ಸ್ಪಷ್ಟವಾಗಿ ಕೇಳಿತು. ಕೈಯಲ್ಲಿನ ಕೆಟಲಿನಿಂದ ಚಹಾ ಲೋಟ ಮೀರಿ ಮೇಜಿನ ಮೇಲೆ ಹರಿಯುತ್ತಿತ್ತು.

“ಅದು ನಮ್ಮ ಪಂಪು,” ಎಂದರು ಅತ್ತೆ.

“ವೈರು ಸುಮ್ನೆ ಬಿದ್ದಿತ್ತಮ್ಮಾ, ನಾನು…” ಎಂದು ಬೀಗದಣ್ಣ ತೊದಲಿದ.

*

ಮನೆಗೆ ಬಂದ ಮೇಲೆ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಕೇಳಿದರು: “ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವನಿಗೆ?”

“ಅವರೇ ಹೇಳ್ಬೇಡ ಅಂದಿದ್ರು. ನೀವು ಕೊರಗ್ತೀರಿ ಅಂತ.”

“ಧ್ವನಿ ತಗೋತಿಲ್ಲ ಅಂದ. ಎಷ್ಟು ಸಲ ಕೇಳಿದೀನಿ, ಎಷ್ಟು ಸಲ ಹಾಗೇ ಅಂದ.” ಅತ್ತೆ ಕೈಯಿಂದ ನೆಲ ಒರೆಸಿದರು, ಅಲ್ಲಿ ಏನೂ ಇರಲಿಲ್ಲ. “ಸರಿ, ಅವನು ಹೇಳ್ಲಿಲ್ಲ. ನೀನು? ಅವನು ಹೋದ ಮೇಲೆ ನಾನು ಅವನ ಹಳೇ ಅಂಗಿ ಮೂಸಿ ನೋಡ್ತಾ ಕೂತಿರ್ತಿದ್ದೆ, ನೀನು ನೋಡಿದೀಯ. ಅವನ ಧ್ವನಿ ಇಟ್ಕೊಂಡು ನನಗೆ ಕೊಡ್ಲಿಲ್ಲ.”

“ನಾನೂ ಕೇಳ್ಲಿಲ್ಲ ಅತ್ತೆ.”

“ನೀನು ಕೇಳದೆ ಇದ್ರೆ ನಾನೂ ಕೇಳಬಾರ್ದಾ?”



ಮರುದಿನದಿಂದ ಅತ್ತೆ ಪಂಪು ಹಾಕುವುದನ್ನು ಬಿಟ್ಟರು. ಎರಡು ಬಕೆಟ್ ಹಿಡಿದು ಮೆಟ್ಟಿಲಿಳಿದು ಕೆಳಗಿನ ನಲ್ಲಿಯಿಂದ ನೀರು ಹೊತ್ತರು. ಮಂಡಿ ನೋವಿನ ಹೆಂಗಸು, ತಿರುವು ತಿರುವಿಗೂ ಬಕೆಟ್ ಇಳಿಸಿ ಗೋಡೆ ಹಿಡಿದುಕೊಳ್ಳುವರು. ಮಾವ ಒಮ್ಮೆ ಸಿಟ್ಟಿನಿಂದ ಹೋಗಿ ಸ್ವಿಚ್ ಒತ್ತಿದರು. ಪಂಪು ಒಮ್ಮೆ ಕೆಮ್ಮುವಷ್ಟರಲ್ಲಿ ಅತ್ತೆ ಬಂದು ಆರಿಸಿದರು.

“ಹುಚ್ಚು ಹಿಡೀತಾ ನಿನಗೆ?”

“ಹಿಡಿದ್ರೆ ಹಿಡೀಲಿ. ನನ್ನ ಕೈಯಾರೆ ಇನ್ನೊಂದು ಸಲ ಅದನ್ನ ಹಾಕಲ್ಲ, ಹಾಕೋಕೂ ಬಿಡಲ್ಲ.”

ಮೈದುನ ಕೆಲಸಕ್ಕೆ ಹೋಗುವ ಮುಂಚೆ ಮಾತಿಲ್ಲದೆ ನಾಲ್ಕು ಬಕೆಟ್ ಹೊತ್ತು ಹೋದ. ಸೊಸೆ ಆಸ್ಪತ್ರೆಯಿಂದ ಬಂದು ನಾಲ್ಕು ಹೊತ್ತಳು. ಕಾಣದಂತೆ ಹೊತ್ತರೆ ಅತ್ತೆ ಬಯ್ಯುತ್ತಿರಲಿಲ್ಲ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅತ್ತೆ ಲ್ಯಾಪ್‌ಟಾಪ್ ತೆರೆಸಿ ಇಯರ್‌ಫೋನ್ ಹಾಕಿಸಿಕೊಂಡು ಕೂರುವರು. ತರಕಾರಿ ಹೆಚ್ಚುತ್ತ, ಕೇಳುತ್ತ. ಕಿವಿಯೊಳಗೆ ಪಂಪು ಓಡುತ್ತಿರುವುದರಿಂದ ಮಾತಾಡಿದರೆ ಅರಚುವರು. “ಇಲ್ಲಿ ನನ್ನನ್ನ ‘ಅಮ್ಮಾ’ ಅಂತ ಕರ್ದಿದಾನೆ! ಸಿನಿಮಾದಲ್ಲಲ್ಲ, ನಡುವೆ! ನೀರು ಕೇಳ್ತಿದಾನೆ!” ಕೆಳಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ “ನಿಮ್ಮತ್ತೆ ಯಾರ ಜೊತೆ ಅಷ್ಟು ಜಗಳ ಆಡ್ತಾರೆ?” ಎಂದು ಕೇಳಿದಳು.

“ನೀನೂ ಕೇಳು,” ಎಂದು ಅತ್ತೆ ಒಂದು ಕಿವಿಯದನ್ನು ತೆಗೆದು ಸೊಸೆಯ ಕಡೆ ಚಾಚಿದರು. ಅವಳು ಒಲೆಯ ಮೇಲೆ ಅನ್ನ ಇದೆ ಎಂದು ಎದ್ದುಹೋದಳು. ಅನ್ನ ಆಗಲೇ ಬೆಂದಿತ್ತು.

*

ಡಬ್ಬಿಯ ಹಣ ಮುಂಗಡಕ್ಕೆ ಸಾಕಾಗಿತ್ತು. ಸ್ಟುಡಿಯೋಕ್ಕೆ ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಅತ್ತೆ ಬಡಿಸಲಿಲ್ಲ. ಅನ್ನದ ಪಾತ್ರೆಯನ್ನು ಮುಂದಿಟ್ಟುಕೊಂಡು ಹೇಳಿದರು: “ನಾಳೆ ಹೋಗ್ಬೇಡಿ. ಅವನ ಧ್ವನಿ ಇರುವಾಗ ಬೇರೆಯವರದ್ದು ಯಾಕೆ ಹಾಕ್ಬೇಕು? ನಾನು ಬನ್ನು ಮಾರಿದ ದುಡ್ಡು ಕೊಟ್ಟು ನನ್ನ ಮಗನ ಬಾಯಿ ಮುಚ್ಚಿಸ್ತೀರಾ?”

“ಜನರ ದುಡ್ಡು ಕಣೆ ಅದು,” ಎಂದರು ಮಾವ. “ಸಿನಿಮಾ ಮುಗಿಸ್ತೀವಿ ಅಂತ ಇಸ್ಕೊಂಡಿದ್ದು. ಮುಗಿಸದೆ ಇದ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡೋದು ಹೇಗೆ? ನನ್ನ ಬದುಕೆಲ್ಲ ಅದರಲ್ಲೇ ಇದೆ.”

“ನನ್ನದು?”

ಮೈದುನ ಮೆಲ್ಲಗೆ ಹೇಳಿದ: “ನಾನು ಬೇಕಾದ್ರೆ ಮಾತಾಡಲ್ಲಮ್ಮ. ಬೇರೆ ಯಾರಾದ್ರೂ ಆಡ್ಲಿ.”

“ನೀನಾದ್ರೇನು, ಬೇರೆಯವರಾದ್ರೇನು!”

ಅಂದ ಮೇಲೆ ಅತ್ತೆಗೇ ಚುರುಕ್ ಎಂದಿರಬೇಕು. ಅವನ ತಟ್ಟೆಗೆ ಮೊದಲು ಬಡಿಸಿದರು. ಅವನು ಉಣ್ಣಲಿಲ್ಲ.

ಸೊಸೆ ಅಂದಳು: “ನಾಳೆ ನಾನು ಆ ಧ್ವನಿ ತಗೊಂಡು ಹೋಗಿ ಕೇಳ್ತೀನಿ ಅತ್ತೆ. ಪಂಪು ತೆಗೆದು ಮಾತು ಉಳಿಸೋಕೆ ಆದ್ರೆ, ಅದನ್ನೇ ಹಾಕಿಸ್ತೀನಿ.”

“ಸತ್ಯವಾಗ್ಲೂ?”

“ಸತ್ಯವಾಗ್ಲೂ.”

ಸ್ಟುಡಿಯೋದ ಸೌಂಡಿನವನು ಒಳ್ಳೆಯ ಮನುಷ್ಯ. ಗಂಟೆಗಟ್ಟಲೆ ಗುಂಡಿಗಳನ್ನು ತಿರುಗಿಸಿದ. ಸೊಸೆ ಅವನ ಹಿಂದೆ ಗಾಜಿನ ಆಚೆ ನೋಡುತ್ತ ಕೂತಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದವನು ಅವನೊಬ್ಬನೇ. ಕೊನೆಗೆ ತೆಗೆದಿಟ್ಟು ಹೇಳಿದ: “ಆಗಲ್ಲ ಮೇಡಂ. ಪಂಪು ತೆಗೆದ್ರೆ ಮಾತೂ ಅದರ ಜೊತೆ ಹೋಗುತ್ತೆ. ಎರಡೂ ಒಂದೇ ಜಾಗದಲ್ಲಿ ಕೂತಿವೆ. ಮಿಕ್ಕಿದ ಧ್ವನಿ ಡಬ್ಬಿಯೊಳಗೆ ಸಿಕ್ಕಿಹಾಕಿಕೊಂಡ ಮನುಷ್ಯನ ಹಾಗೆ ಕೇಳುತ್ತೆ. ಕೇಳ್ತೀರಾ?”

“ಬೇಡ,” ಎಂದಳು. “ಡಬ್ ಮಾಡಿ.”

ಮೈದುನ ತನ್ನ ಪಾಲನ್ನು ಎರಡೇ ದಿನಕ್ಕೆ ಮುಗಿಸಿದ. ಅಷ್ಟು ಶನಿವಾರಗಳ ಅಭ್ಯಾಸ. ಒಂದು ಕಡೆಯೂ ತುಟಿ ತಪ್ಪಲಿಲ್ಲ. ತೊಡಕಾದದ್ದು ಮಾವನದು. ಮೆತ್ತೆ ಹೊದಿಸಿದ ಆ ಚಿಕ್ಕ ಕೋಣೆಯೊಳಗೆ ಮೈಕಿನ ಮುಂದೆ ನಿಂತು ಬಾಗಿಲ ದೃಶ್ಯ ಬಂದಾಗಲೆಲ್ಲ “ಊಟ ಮಾಡ್ಕೊಂಡು ಹೋಗೋ,” ಎಂದರು.

“ತುಟಿಗೆ ಕೂರ್ತಿಲ್ಲ ಸರ್,” ಎಂದ ಸೌಂಡಿನವನು. “ಬರೆದಿರೋದನ್ನೇ ಹೇಳಿ.”

ಮಾವ ತಲೆಯಾಡಿಸಿದರು. ಮತ್ತೆ ಅದನ್ನೇ ಹೇಳಿದರು. ಇನ್ನೊಮ್ಮೆ. ಸ್ಟುಡಿಯೋದ ಬಾಡಿಗೆ ಗೋಡೆಯ ಗಡಿಯಾರದಲ್ಲಿ ಓಡುತ್ತಿತ್ತು. ಸೌಂಡಿನವನು ಸೊಸೆಯ ಕಡೆ ತಿರುಗಿ ಮೈಕಿನ ಗುಂಡಿ ತೋರಿಸಿದ: ನೀವೇ ಹೇಳಿ.

ಅವಳು ಗುಂಡಿ ಒತ್ತಿದಳು. ಟೋಕನ್ ಕೂಗುವ ಧ್ವನಿಯಲ್ಲಿ ಹೇಳಿದಳು: “ಮಾವ, ಅವರು ಹೋಗಾಯ್ತು. ಹೋಗು ಅನ್ನಿ.”

ಗಾಜಿನ ಆಚೆ ಮಾವ ತಲೆ ಎತ್ತಿ ಅವಳನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಅವಳೇ ಕಣ್ಣು ತಗ್ಗಿಸಿದಳು. ಚಿತ್ರ ಮತ್ತೆ ಓಡಿತು.

“ಹೋಗು,” ಎಂದರು ಮಾವ. “ಈ ಹೊಸಿಲು ದಾಟಿದ ಮೇಲೆ ತಿರುಗಿ ನೋಡಬೇಡ.”

“ಸೂಪರ್ ಸರ್! ಸೇಫ್ಟಿಗೆ ಇನ್ನೊಂದು ಸಲ…”

“ಸಾಕು,” ಎಂದಳು ಸೊಸೆ.

ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು, ಬ್ರೇಕು ಅಲ್ಲೇ ಇದೆ ಎನ್ನುವಂತೆ.

*

ಮುಗಿದ ಸಿನಿಮಾವನ್ನು ಚಾನೆಲ್ಲಿನವರಿಗೆ ತಲುಪಿಸಿದರು. ‘ನೋಡಿ ಹೇಳ್ತೀವಿ’ ಎಂದರು. ಮೊದಲಿನ ಮಾತಿಗೂ ಈ ಮಾತಿಗೂ ಎಷ್ಟು ದೂರವೆಂದು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕಾಲೊನಿಯವರಿಗೆ ಒಮ್ಮೆ ತೋರಿಸದೆ ಇರುವ ಹಾಗಿರಲಿಲ್ಲ. ಬೀಗದಣ್ಣ ಅವತ್ತು ಬಾಡಿಗೆ ತೆಗೆದುಕೊಳ್ಳಲಿಲ್ಲ. ವೈರನ್ನು ಸೊಸೆಯೇ ಚುಚ್ಚಿದಳು.

ಸಿನಿಮಾ ತಾನೇ ಮಾತಾಡಿತು. ಪ್ರತಿ ಮಾತೂ ಪ್ರತಿ ತುಟಿಗೆ ಕೂತಿತ್ತು. ಪಂಪು ಇರಲಿಲ್ಲ, ಅದರ ಜಾಗದಲ್ಲಿ ಸೌಂಡಿನವನು ಹಾಕಿದ ಹಕ್ಕಿ ಸದ್ದು, ದೂರದ ಹಾರನ್ನು. ಕೆಲಸವಿಲ್ಲದೆ ಮಾವ ಮತ್ತು ಮೈದುನ ಮೊದಲ ಬೆಂಚಿನಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಾಗಿಲ ದೃಶ್ಯ ಬಂದಾಗ ಬೆಂಚುಗಳೆಲ್ಲ ಮಾವನ ಕಡೆ ತಿರುಗಿದವು. ಪರದೆ ‘ಹೋಗು’ ಎಂದಿತು. ಅವನು ಹೋದ.

ಜನ ಚಪ್ಪಾಳೆ ತಟ್ಟಿದರು. ಹೊರಬರುತ್ತ ದರ್ಜಿ ತನ್ನ ಹೆಂಡತಿಗೆ ಹೇಳಿದ್ದು ಸ್ವಲ್ಪ ಗಟ್ಟಿಯಾಗಿಯೇ ಕೇಳಿತು: “ಮೊದಲಿನದೇ ಚೆನ್ನಾಗಿತ್ತು.”

ಅತ್ತೆ ಕೆಟಲು ತೊಳೆಯುತ್ತಿದ್ದರು. ಹೇಗಿತ್ತಮ್ಮ ಎಂದು ಬೀಗದಣ್ಣ ಕೇಳಿದ.

“ಚೆನ್ನಾಗಿತ್ತಪ್ಪ,” ಎಂದರು ಅತ್ತೆ. “ಯಾರ ಮಗನೋ, ಪಾಪ.”

ಬೆಡ್‌ಶೀಟು ಮಡಚುತ್ತಿದ್ದ ಮೈದುನನ ಕೈ ನಿಂತಿತು. ಮಡಚುವುದನ್ನು ಮುಗಿಸಿ, ಅದನ್ನು ಅತ್ತಿಗೆಯ ಕೈಗೆ ಕೊಟ್ಟು, ಯಾರಿಗೂ ಕಾಯದೆ ಮುಂದೆ ನಡೆದುಬಿಟ್ಟ.

ಮನೆಗೆ ಬಂದಾಗ ಹಾಲಿನಿಂದ ತಂದ ಪಾತ್ರೆಗಳು ಅಡುಗೆಮನೆಯ ತುಂಬ. ಬಕೆಟ್‌ಗಳಲ್ಲಿ ನೀರಿರಲಿಲ್ಲ. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬಕೆಟ್ ತೆಗೆದುಕೊಂಡರು. ಸೊಸೆ ಅವರ ಕೈಯಿಂದ ಅದನ್ನು ಕಿತ್ತುಕೊಂಡು ಕೆಳಗಿಟ್ಟಳು. ಹಿಂದಿನ ಬಾಗಿಲು ತೆರೆದು ಪಂಪಿನ ಸ್ವಿಚ್ ಒತ್ತಿದಳು.

ಪಂಪು ಕೆಮ್ಮಿತು, ಎಳೆಯಿತು, ಓಡತೊಡಗಿತು. ಗೋಡೆ ನಡುಗಿತು. ಕಪಾಟಿನ ಲೋಟಗಳು ಕಿಣಿಕಿಣಿ ಎಂದವು.

ಅವಳು ಅತ್ತೆಯ ಮುಖ ನೋಡುತ್ತ ನಿಂತಳು. “ಆರಿಸ್ಲಾ ಅತ್ತೆ?” ಕೂಗಿಯೇ ಕೇಳಬೇಕಾಯಿತು.

ಅತ್ತೆ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ನೆಲಕ್ಕೆ ಕುಸಿದರು. ಕಣ್ಣು ಮುಚ್ಚಿದರು. “ಬೇಡ,” ಎಂದಂತೆ ಕಂಡಿತು. “ಇರ್ಲಿ.”

ಸೊಸೆ ಅವರ ಪಕ್ಕದಲ್ಲಿ ಕೂತಳು. ಗೋಡೆಯ ನಡುಕ ಬೆನ್ನೊಳಗೆ ಇಳಿಯಿತು. ಇದೇ ಸದ್ದಿನೊಳಗೆ ಎಲ್ಲೋ ಅವನು ನೀರು ಕೇಳುತ್ತಿದ್ದ. ಅವಳು ಬಾಯಿ ತೆರೆದಳು. ಅಷ್ಟು ತಿಂಗಳುಗಳಿಂದ ಹೊರಬಾರದ್ದೊಂದು ಗಂಟಲಿನಿಂದ ಹರಿದುಕೊಂಡು ಬಂತು. ಅದೆಂಥ ಸದ್ದೆಂದು ಅವಳಿಗೂ ಕೇಳಿಸಲಿಲ್ಲ.

ಟ್ಯಾಂಕು ತುಂಬಿತು. ನೀರು ಮಹಡಿಯ ಅಂಚಿನಿಂದ ಕಿಟಕಿಯ ಮುಂದೆ ಧಾರೆಯಾಗಿ ಸುರಿಯತೊಡಗಿತು. ಕೆಳಮನೆಯಾಕೆ ಅಂಗಳಕ್ಕೆ ಬಂದು ಮೇಲೆ ನೋಡಿ ಕೈ ಬೀಸುತ್ತಿದ್ದಳು. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರ ತುಟಿ ಆಡುತ್ತಿತ್ತು, ಏನೋ ಹೇಳುತ್ತಿದ್ದರು. ಯಾರೂ ಎದ್ದು ಪಂಪು ಆರಿಸಲಿಲ್ಲ.